ಸರಿಯುವ ಗೋಡೆ

ಗೇರ್‌ಬಾಕ್ಸು ಅಷ್ಟೇನೂ ದೊಡ್ಡದಿರಲಿಲ್ಲ. ಸುಲಿದ ತೆಂಗಿನಕಾಯಿಯಷ್ಟಿದ್ದ ಅದನ್ನು ಅಂಗಡಿಯವರು ಮೂರು ಪಟ್ಟು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದರು. ಸುಶಾಂತ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲಂಡನ್ನಿನ ಹೌನ್ಸ್ಲೋದಿಂದ ಹೇಸ್‌ಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದ. ಪಕ್ಕದ ಸೀಟು ಖಾಲಿಯಿತ್ತು, ಅಲ್ಲಿಡಬಹುದಿತ್ತು. ಇಡಲಿಲ್ಲ. ತೊಡೆ ಜೋಮು ಹಿಡಿದರೂ ಹಾಗೆಯೇ ಕುಳಿತ. ಇಂಥ ಸಣ್ಣಪುಟ್ಟ ಶಿಕ್ಷೆಗಳನ್ನು ತನಗೆ ತಾನೇ ಕೊಟ್ಟುಕೊಳ್ಳುವ ಚಟ ಏಳು ವಾರಗಳಿಂದ ಅಂಟಿಕೊಂಡಿತ್ತು, ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲವೆಂಬುದೂ ಗೊತ್ತಿತ್ತು. ಚಳಿಯಲ್ಲಿ ಕೈಗವಸು ಹಾಕದೆ ಬಸ್ಸಿಗೆ ಕಾಯುವುದು, ತಣ್ಣಗಾದ ಮೇಲೆ ಚಹಾ ಕುಡಿಯುವುದು, ಎಡಗೈಯ ಮೂರು ಬೆರಳು ಮಡಚಿಕೊಂಡು ಅಂಗಿಯ ಗುಂಡಿ ಹಾಕಿ ನೋಡುವುದು. ಗುಂಡಿ ಹಾಕುವುದು ಆಗುತ್ತಿತ್ತು, ಸ್ವಲ್ಪ ಹೊತ್ತು ಹಿಡಿಯುತ್ತಿತ್ತು ಅಷ್ಟೆ. ಆದರೆ ಅವನ ಬೆರಳುಗಳು ಮತ್ತೆ ನೆಟ್ಟಗಾಗುತ್ತಿದ್ದವು. ಏಳು ವಾರಗಳ ಹಿಂದೆ ಅವನ ಅಣ್ಣ ಕಲ್ಲಯ್ಯನ ಎಡಗೈಯ ನಡುವಿನ ಮೂರು ಬೆರಳು ಹೋಗಿದ್ದವು. ಯಂತ್ರದ ಸ್ವಿಚ್ಚು ಒತ್ತಿದ್ದವನು ಸುಶಾಂತ.

ತಪ್ಪು ಅವನದಲ್ಲ ಎಂದು ಎಲ್ಲರೂ ಒಪ್ಪಿದ್ದರು. ಕಲ್ಲಯ್ಯ ಹಳೆಯದೊಂದು ಅಮೆರಿಕನ್ ಮೋಟರ್‌ಹೋಮ್ ಕೊಂಡು, ತಾನು ಕೆಲಸ ಮಾಡುವ ವೇರ್‌ಹೌಸಿನ ಹಿಂದಿನ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದ. ಒಳಗೇ ಮನೆ ಮಾಡಿಕೊಂಡು ಊರೂರು ತಿರುಗುವ, ಬಸ್ಸಿನಷ್ಟು ಉದ್ದದ ಗಾಡಿ. ಅದನ್ನೊಂದು ಕಡೆ ನಿಲ್ಲಿಸಿ ಸ್ವಿಚ್ಚು ಒತ್ತಿದರೆ ಒಂದು ಬದಿಯ ಗೋಡೆ, ಅದರೊಳಗಿನ ಸೋಫಾ ಕಿಟಕಿ ಸಮೇತ, ಒಂದು ಮೀಟರು ಹೊರಗೆ ಸರಿದು ಒಳಗೆ ಒಂದು ಕೋಣೆಯಷ್ಟು ಜಾಗವಾಗುತ್ತಿತ್ತು. ‘ಗ್ವಾಡಿ ಸರಿಸಿದ್ರ ಪಡಸಾಲಿ ಆಗ್ತೈತಿ ನೋಡ್ರಿ’ ಎಂದು ಕಲ್ಲಯ್ಯ ಕಂಡಕಂಡವರಿಗೆಲ್ಲ ತೋರಿಸಿದ್ದ. ಜನವರಿಯಲ್ಲಿ ಆ ಗೋಡೆ ಅರ್ಧಕ್ಕೆ ನಿಂತಿತು, ಅದೂ ಸೊಟ್ಟಗೆ. ಸುಶಾಂತ ಒಳಗೆ ನಿಂತು ಸ್ವಿಚ್ಚು ಒತ್ತಬೇಕು, ಕಲ್ಲಯ್ಯ ಹೊರಗೆ ಗೋಡೆಯ ಅಡಿಗೆ ಕೈಹಾಕಿ ಏನು ತಿರುಗುತ್ತಿದೆ ಏನಿಲ್ಲ ನೋಡಬೇಕು. ‘ಬಿಡು’ ಅಂದರೆ ಮೋಟಾರು ಓಡಿಸು, ‘ಸಾಕು’ ಅಂದರೆ ನಿಲ್ಲಿಸು, ಹೀಗೆಂದು ಮೊದಲೇ ಮಾತಾಗಿತ್ತು. ಗಾಡಿ ಬಿಡು, ನೀರು ಬಿಡು, ಫ್ಯಾನು ಬಿಡು ಎಂದೇ ಹುಟ್ಟಿದಾಗಿನಿಂದ ಅಂದುಕೊಂಡು ಬಂದವರು. ಮೂರು ಸಲ ಸರಿಹೋಯಿತು. ನಾಲ್ಕನೆಯ ಸಲ ಕೈ ಸಿಕ್ಕಿಕೊಂಡಾಗ ಕಲ್ಲಯ್ಯ ‘ಸಾಕು’ ಅನ್ನಲಿಲ್ಲ, ‘ಬಿಡೋ, ಬಿಡು’ ಎಂದು ಕೂಗಿದ. ಮೋಟಾರು ನಿಲ್ಲಲಿಲ್ಲ. ಕೈ ಸಿಕ್ಕಿಕೊಂಡ ಮನುಷ್ಯ ಬೇರೇನು ಕೂಗುತ್ತಾನೆ. ಆಸ್ಪತ್ರೆಯಲ್ಲಿ ನರ್ಸ್ ಏನಾಯಿತೆಂದು ಕೇಳಿದಾಗ ಸುಶಾಂತ ‘ಮಿಸ್‌ಕಮ್ಯೂನಿಕೇಶನ್’ ಅಂದಿದ್ದ. ಅಷ್ಟು ಉದ್ದದ ಪದ, ಅಂಥ ಹೊತ್ತಿನಲ್ಲಿ, ತಡವರಿಸದೆ ಬಾಯಿಗೆ ಬಂದದ್ದಕ್ಕೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಆಗಿತ್ತು. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಅಸಹ್ಯವಾಗುತ್ತದೆ.

ಬಾಗಿಲು ತೆಗೆದವಳು ಅಣ್ಣನ ಮಗಳು ಅನ್ವಿತಾ. ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದಳು. ಮುಂದಿನ ಕೋಣೆಯ ಮೂಲೆಯಲ್ಲಿ ಕಲ್ಲಯ್ಯ ಪೂಜೆಗೆ ಕುಳಿತಿದ್ದ. ಮೂವತ್ತೈದು ವರ್ಷಗಳಿಂದ ದಿನವೂ ನಡೆದ ಪೂಜೆ: ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಬಲಗೈಯಿಂದ ನೀರು, ವಿಭೂತಿ, ಪತ್ರಿ. ಈಗ ಆ ಅಂಗೈಗೆ ಹೆಬ್ಬೆರಳು ಕಿರುಬೆರಳು ಎರಡೇ ಉಳಿದು, ಲಿಂಗ ನಿಲ್ಲುತ್ತಿರಲಿಲ್ಲ. ಹಾಕಿದ ನೀರು ತೊಡೆಯ ಮೇಲೆ ಹರಿಯುತ್ತಿತ್ತು. ಅದಕ್ಕೆ ಅತ್ತಿಗೆ ಶಿವಕ್ಕ ಎದುರಿಗೆ ಕುಳಿತು ತನ್ನ ಅಂಗೈಯನ್ನು ಅವನ ಅಂಗೈಯ ಕೆಳಗೆ ಹಿಡಿದಿದ್ದಳು. ಇಬ್ಬರ ಕೈಗಳು ಸೇರಿ ಒಂದು ಕೈಯಾಗಿದ್ದವು. ಆಸ್ಪತ್ರೆಯಿಂದ ಬಂದ ಮರುದಿನ ಬಲ ಅಂಗೈಯಲ್ಲಿಟ್ಟುಕೊಂಡು ಒಮ್ಮೆ ಪ್ರಯತ್ನಿಸಿದ್ದನಂತೆ, ಅರ್ಧಕ್ಕೇ ಅತ್ತುಬಿಟ್ಟನಂತೆ. ಇದನ್ನು ಶಿವಕ್ಕನೇ ಫೋನಿನಲ್ಲಿ ಹೇಳಿದ್ದಳು, ದೂರಾಗಿ ಅಲ್ಲ, ಸುದ್ದಿಯಾಗಿ. ಸುಶಾಂತ ಕಣ್ಣು ಬೇರೆ ಕಡೆ ತಿರುಗಿಸಿದ. ಅವನದೇ ಇಷ್ಟಲಿಂಗ ಹೌನ್ಸ್ಲೋದ ಮನೆಯಲ್ಲಿ ಸಾಕ್ಸು ಇಡುವ ಡ್ರಾಯರಿನಲ್ಲಿತ್ತು. ಐದು ಬೆರಳೂ ಇದ್ದ ಕೈಗೆ ಅದು ಬೇಕಾಗಿರಲಿಲ್ಲ.

ಅಡಿಗೆಮನೆಯ ಮೇಜಿನ ಮೇಲೆ ಅನ್ವಿತಾ ಲ್ಯಾಪ್‌ಟಾಪ್ ತೆರೆದು ಅಪ್ಪನ ಲೈಸೆನ್ಸಿನ ಫಾರ್ಮ್ ತುಂಬುತ್ತಿದ್ದಳು. ಕಲ್ಲಯ್ಯ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು. ಎಡಗೈಯಿಂದ ಸ್ಟೀರಿಂಗಿನ ಗುಬುಟು ಹಿಡಿದು ತಿರುಗಿಸುವ ಕೆಲಸ. ಈಗ ಅವನನ್ನು ಗೇಟಿನ ಗೂಡಿನಲ್ಲಿ ಕೂರಿಸಿದ್ದರು. ಅಲ್ಲಿ ಲಾರಿ ಬಂದರೆ ಅಡ್ಡಗಂಬ ಎತ್ತುವುದು, ಹೋದರೆ ಇಳಿಸುವುದು. ಗಾಯ ಹೇಗಾಯಿತು ಬರೆಯಿರಿ ಎಂಬ ಖಾನೆಯಲ್ಲಿ ಹುಡುಗಿ ನಿಂತುಬಿಟ್ಟಿದ್ದಳು. ‘ಕಾಕಾ, ಒನ್ ಥಿಂಗ್. ಬಿಡು ಮೀನ್ಸ್ ಲೆಟ್ ಗೋ, ರೈಟ್?’ ಎಂದು ಕೇಳಿದಳು. ಅವಳಿಗೆ ಗೊತ್ತಿದ್ದುದು ಅದೊಂದೇ ಬಿಡು, ಫೋನ್ ಬಿಡು ಎಂದು ತಾಯಿ ದಿನಕ್ಕೆ ಹತ್ತು ಸಲ ಅನ್ನುವ ಬಿಡು. ಸುಶಾಂತ ಅದಕ್ಕೆ ಎರಡು ಅರ್ಥ ಇವೆಯೆಂದು ವಿವರಿಸಿದ. ನಡೆಸು ಎಂಬುದಕ್ಕೂ ಬಿಡು, ಕೈ ತೆಗೆ ಎಂಬುದಕ್ಕೂ ಬಿಡು. ಈ ವಿವರಣೆಯನ್ನು ಎಷ್ಟು ಜನರ ಮುಂದೆ ಒಪ್ಪಿಸಿದ್ದನೋ, ಬಾಯಿಪಾಠವಾಗಿತ್ತು. ‘ದಟ್ಸ್ ಸೋ ವಿಯರ್ಡ್. ಹಂಗಾದ್ರ ಹೌ ಡು ಯು ನೋ ವಿಚ್ ಒನ್?’ ಎಂದಳು ಅನ್ವಿತಾ. ಅವಳ ದನಿಯಲ್ಲಿ ಸಂಶಯವಿರಲಿಲ್ಲ. ಹೋಮ್‌ವರ್ಕಿನ ಲೆಕ್ಕ ಬಿಡಿಸುವವಳ ಹಾಗೆ ಕೇಳಿದ್ದಳು. ಪೂಜೆ ಮುಗಿಸಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಶಿವಕ್ಕನೇ ಉತ್ತರ ಕೊಟ್ಟಳು.

‘ದನಿ ಮ್ಯಾಲೆ ತಿಳೀತೈತೆವಾ. ಅದೇನ ದೊಡ್ಡ ಮಾತು. ಕೂಸು ಅತ್ರ ಹಸದಿದ್ದಕ್ಕ ಅಳ್ತೈತೋ ಹೊಟ್ಟಿ ನೋವಿಗೆ ಅಳ್ತೈತೋ ತಾಯಿಗೆ ತಿಳಿಯೂದಿಲ್ಲೇನು? ಹಂಗ. ಸುಶಾಂತಾ, ಚಾ ಹಾಕ್ಲೇನಪಾ?’

ಬೇಡ ವೈನಿ, ಈಗಷ್ಟೇ ಕುಡಿದು ಬಂದೆ ಎಂದು ಸುಳ್ಳು ಹೇಳಿದ. ಅವಳು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ತಾನು ಆಡಿದ್ದು ಏನೆಂದು ಅವಳಿಗೆ ಹೊಳೆದೇ ಇರಲಿಲ್ಲ. ಏಳು ವಾರದಲ್ಲಿ ಡಾಕ್ಟರು, ನೆಂಟರು, ವೇರ್‌ಹೌಸಿನ ಮ್ಯಾನೇಜರು ಯಾರೂ ಕೇಳದ ಒಂದು ಪ್ರಶ್ನೆಯನ್ನು ಅರೆಬರೆ ಕನ್ನಡದ ಹುಡುಗಿ ಕೇಳಿದ್ದಳು, ಅದಕ್ಕೆ ಸರಿಯುತ್ತರವನ್ನು ಚಹಾ ಹಾಕುತ್ತ ಅತ್ತಿಗೆ ಹೇಳಿದ್ದಳು. ಈಗ ಇವರಿಬ್ಬರಲ್ಲಿ ಒಬ್ಬರು ತಲೆಯೆತ್ತಿ ತನ್ನ ಮುಖ ನೋಡಿದರೆ ಸಾಕು, ಎಲ್ಲ ತಿಳಿದುಬಿಡುತ್ತದೆ ಎಂದುಕೊಂಡ ಸುಶಾಂತ. ಯಾರೂ ನೋಡಲಿಲ್ಲ. ಅನ್ವಿತಾ ಫಾರ್ಮಿನಲ್ಲಿ ಏನೋ ಟೈಪ್ ಮಾಡಿ ಮುಂದಿನ ಖಾನೆಗೆ ಹೋದಳು.

ವೇರ್‌ಹೌಸಿನ ಅಂಗಳಕ್ಕೆ ಹತ್ತು ನಿಮಿಷದ ನಡಿಗೆ. ಸೋಮವಾರದೊಳಗೆ ಗಾಡಿ ತೆಗೆಯಬೇಕೆಂದು ಮ್ಯಾನೇಜರು ಹೇಳಿಯಾಗಿತ್ತು, ಗೋಡೆ ಒಳಗೆ ಹೋಗದೆ ಗಾಡಿ ಅಲುಗುವಂತಿರಲಿಲ್ಲ. ಕಲ್ಲಯ್ಯ ಎಡಗೈಯನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ತಮ್ಮನ ಪಕ್ಕದಲ್ಲಿ ನಡೆಯುತ್ತ ಸ್ಕಾಟ್ಲೆಂಡಿನ ಮಾತಾಡಿದ. ಬೇಸಿಗೆಯಲ್ಲಿ ಎಲ್ಲರೂ ಹೋಗೋಣ, ನೀನ ಓಡಸು ಎಂದ. ಆಚೆ ಆಕಾಶದಲ್ಲಿ ವಿಮಾನಗಳು ಒಂದರ ಹಿಂದೊಂದು ಚಕ್ರ ಬಿಚ್ಚಿಕೊಂಡು ಹೀತ್ರೋಗೆ ಇಳಿಯುತ್ತಿದ್ದವು. ಸುಶಾಂತ ಅಲ್ಲಿಯೇ, ಲಗೇಜು ಸಾಗಿಸುವ ಬೆಲ್ಟುಗಳ ರಿಪೇರಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದ. ಅಲ್ಲಿನ ನಿಯಮ ಒಂದೇ: ಯಂತ್ರಕ್ಕೆ ಕೈಹಾಕುವವನು ಮೊದಲು ಕರೆಂಟು ಕಡಿದು ಅದಕ್ಕೆ ತನ್ನ ಹೆಸರಿನ ಬೀಗ ಹಾಕಬೇಕು, ಬೀಗದ ಕೈ ತನ್ನ ಜೇಬಿನಲ್ಲೇ ಇರಬೇಕು. ಓಡುವ ಯಂತ್ರಕ್ಕೆ ಕೈಯಿಟ್ಟು ನೋಡುವ ಪದ್ಧತಿಯೇ ಇಲ್ಲ. ಅವತ್ತು ಅಣ್ಣ ಅಡಿಗೆ ಕೈಹಾಕಿದಾಗ ಇದನ್ನು ಹೇಳಬಹುದಿತ್ತು. ಹೇಳದಿದ್ದುದಕ್ಕೆ ಕಾರಣವಿತ್ತು, ಮತ್ತು ಆ ಕಾರಣ ಎಷ್ಟು ಸಣ್ಣದೆಂದರೆ ಅದನ್ನು ಯಾರೆದುರಿಗಾದರೂ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು.

ಅವತ್ತು ಕೆಂಟನ್ ಬಡಾವಣೆಯಿಂದ ಕಲ್ಲಯ್ಯನ ಪರಿಚಯದ ನರಸಿಂಹಮೂರ್ತಿ ಬಂದಿದ್ದರು, ಬೆಂಗಳೂರಿನವರು, ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಗೋಡೆ ಸೊಟ್ಟಗೆ ನಿಂತದ್ದನ್ನು ನೋಡಿ ‘ಕಂಟ್ರೋಲರ್ ಬೋರ್ಡ್ ಹೋಗಿರತ್ತೆ ಕಲ್ಲಯ್ಯನವ್ರೆ, ನಾನೊಂದು ವಿಡಿಯೋ ನೋಡಿದೀನಿ’ ಅಂದರು. ಸುಶಾಂತ ಬ್ಯಾಟರಿ ನೋಡಿ, ಫ್ಯೂಸು ನೋಡಿ, ಮೀಟರಿನಿಂದ ಮೋಟಾರಿನ ವೈರು ಮುಟ್ಟಿ ನೋಡಿ, ಕಿವಿಗೊಟ್ಟು ಕೇಳಿಯಾಗಿತ್ತು. ಮೋಟಾರು ತಿರುಗುತ್ತಿದೆ, ಮುಂದಿನ ಬದಿ ಸರಿಯುತ್ತಿದೆ, ಹಿಂದಿನ ಬದಿಯ ಗೇರ್‌ಬಾಕ್ಸಿನೊಳಗೆ ಹಲ್ಲು ಸವೆದು ಜಾರುತ್ತಿದೆ, ಅದಕ್ಕೇ ಗೋಡೆ ಸೊಟ್ಟಗಾಗಿದೆ ಅಂದ. ಕಲ್ಲಯ್ಯ ನಕ್ಕ. ‘ಬಿಡೋ ಮಾರಾಯಾ. ಇಂವಾ ಊರಾಗ ಎಲ್ಲಾರಿಗೂ ಲಂಡನ್ನಿನ್ಯಾಗ ಎಂಜಿನಿಯರ್ ಅದೀನಿ ಅಂತ ಹೇಳ್ಯಾನ್ರಿ ಮೂರ್ತಿಯವರ. ಖರೇ ಅಂದ್ರ ಬೆಲ್ಟಿನಿಂದ ಬಿದ್ದ ಸೂಟ್‌ಕೇಸ್ ಎತ್ತಿ ಇಡೂದು ಇವನ ಕೆಲಸಾ. ನೀ ಒಳಗ ಹೋಗಿ ಸ್ವಿಚ್ಚ ಒತ್ತು, ಅಷ್ಟ ಮಾಡು.’ ನರಸಿಂಹಮೂರ್ತಿ ಜೋರಾಗಿ ನಕ್ಕಿದ್ದರೆ ಸಹಿಸಬಹುದಿತ್ತು. ಅವರು ಮರ್ಯಾದಸ್ಥರು, ತಲೆ ತಗ್ಗಿಸಿ ಮೀಸೆಯೊಳಗೆ ನಕ್ಕು, ಫೋನ್ ಬಂತೆಂದು ಕಾರಿನ ಕಡೆ ಹೋದರು. ಸುಶಾಂತ ಡಿಪ್ಲೊಮಾ ಮಾಡಿದವನು. ಎಂಜಿನಿಯರ್ ಅಂತ ಹೇಳಿಕೊಂಡದ್ದೂ ನಿಜ. ಒಳಗೆ ಹೋಗಿ ಸ್ವಿಚ್ಚಿನ ಮುಂದೆ ನಿಂತಾಗ ಅವನ ಕಿವಿ ಸುಡುತ್ತಿತ್ತು.

ಈಗ ಅಂಗಳದಲ್ಲಿ ಅವನು ಮೊದಲು ಮಾಡಿದ ಕೆಲಸವೆಂದರೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡದ್ದು. ಆಮೇಲೆ ಗೋಡೆಯ ತೂಕ ಕೆಳಗೆ ಕೂರದಂತೆ ಜಾಕ್ ಕೊಟ್ಟ. ಒದ್ದೆ ಕಾಂಕ್ರೀಟಿನ ಮೇಲೆ ರಟ್ಟು ಹಾಸಿ ಬೆನ್ನಮೇಲೆ ಮಲಗಿ ಅಡಿಗೆ ಸರಿದ. ಕಲ್ಲಯ್ಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಲಗೈಯಲ್ಲಿ ಟಾರ್ಚು ಹಿಡಿದ. ನಾಲ್ಕು ಬೋಲ್ಟು, ಮೂರು ಸಲೀಸಾಗಿ ಬಂದವು, ನಾಲ್ಕನೆಯದು ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು ಕಾಯಬೇಕು. ಕಾಯುತ್ತ ಮಲಗಿದ್ದಾಗ ಕಣ್ಣೆದುರಿಗೇ, ಒಂದು ಗೇಣು ಮೇಲೆ, ಗೋಡೆಯನ್ನು ಎಳೆಯುವ ಹಲ್ಲಿನ ಪಟ್ಟಿ ಮತ್ತು ಅದಕ್ಕೆ ಕಚ್ಚಿಕೊಂಡ ಸಣ್ಣ ಗೇರು ಕಂಡವು. ಯಾರೋ ಅದನ್ನು ಚೆನ್ನಾಗಿ ತೊಳೆದಿದ್ದರು. ಸಂದಿಗಳಲ್ಲಿ ಗ್ರೀಸು ಕೂಡ ಉಳಿದಿರಲಿಲ್ಲ. ಶಿವಕ್ಕನೇ ಬಂದು ತೊಳೆದಿರಬೇಕು, ಬಕೆಟ್ಟು ಬ್ರಶ್ಶು ಹಿಡಿದುಕೊಂಡು, ಯಾರಿಗೂ ಹೇಳದೆ. ಸುಶಾಂತ ಕಣ್ಣು ಮುಚ್ಚಿಕೊಂಡ. ‘ಯಾಕೋ, ತುಕ್ಕು ಕಣ್ಣಾಗ ಬಿತ್ತೇನು?’ ಎಂದು ಅಣ್ಣ ಕೇಳಿದ. ಹೂಂ ಅಂದ.

ಹಳೆಯ ಗೇರ್‌ಬಾಕ್ಸು ಹೊರಗೆ ಬಂದ ಮೇಲೆ ಅದರ ಮುಚ್ಚಳ ಬಿಚ್ಚಿ ತೋರಿಸಬೇಕಾಗಿರಲಿಲ್ಲ, ಹೊಸದನ್ನು ಕೂರಿಸಿದರೆ ಸಾಕಿತ್ತು. ಬಿಚ್ಚಿದ. ಒಳಗಿನ ಹಿತ್ತಾಳೆ ಚಕ್ರದ ಒಂದು ಬದಿಯ ಹಲ್ಲು ಪೂರ್ತಿ ಹೋಗಿ ನುಣ್ಣಗಾಗಿತ್ತು, ಇನ್ನೊಂದು ಬದಿಯಲ್ಲಿ ಒಂದೆರಡು ಉಳಿದಿದ್ದವು. ಅವು ಸಿಕ್ಕಾಗ ಗೋಡೆ ಜಿಗಿಯುತ್ತಿತ್ತು, ಸಿಗದಾಗ ಜಾರುತ್ತಿತ್ತು. ಅವನು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಕಲ್ಲಯ್ಯ ಆ ಚಕ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ‘ನೀ ಅಂದದ್ದ ಖರೇ ನೋಡು. ಅವತ್ತ ನಿನ್ನ ಮಾತ ಕೇಳಿದ್ರ ಇದೆಲ್ಲ ಆಗ್ತಿದ್ದಿಲ್ಲ. ನನ್ನ ನಾಲಿಗೀನ ಸರಿ ಇಲ್ಲಪಾ. ನಿನಗ ಹಂಗ ಅಂದೆ, ಆಮ್ಯಾಲೆ ಸಾಕು ಅನ್ನೂದ ಬಿಟ್ಟು ಬಿಡು ಅಂದೆ. ದಿನಾ ಪೂಜಿಯೊಳಗ ಅದನ್ನ ಬೇಡ್ಕೊಳ್ತೀನಿ, ಈ ನಾಲಿಗೀದು ಹೊಟ್ಟಿಯಾಗ ಹಾಕ್ಕೊ ಅಂತ.’ ಸುಶಾಂತ ಹೊಸ ಗೇರ್‌ಬಾಕ್ಸನ್ನು ದಂಡಕ್ಕೆ ಏರಿಸಿದ. ಎರಡೂ ಬದಿ ಒಂದೇ ಅಳತೆಗೆ ಬರುವಂತೆ ಟೇಪು ಹಿಡಿದು ನೋಡಿ, ಬೋಲ್ಟು ಬಿಗಿದು, ಕೈಗಳನ್ನು ಪೂರ್ತಿ ಹೊರಗೆ ತೆಗೆದುಕೊಂಡ ಮೇಲೆಯೇ ಫ್ಯೂಸು ಹಾಕಿದ. ಒಳಗೆ ಹತ್ತಿ ಸ್ವಿಚ್ಚನ್ನು ಮುಟ್ಟಿ ಮುಟ್ಟಿ ತೆಗೆದ. ಗೋಡೆ ಎರಡೂ ಬದಿ ಸಮನಾಗಿ, ಕಿರಿಕಿರಿಯಿಲ್ಲದೆ, ಒಳಗೆ ಬಂತು, ಹೊರಗೆ ಹೋಯಿತು. ಅವನು ಕೆಳಗಿಳಿದು ಬಂದ.

ಕಲ್ಲಯ್ಯ ಕೂಸಿನ ಹಾಗೆ ಖುಷಿಪಟ್ಟ. ಫೋನ್ ತೆಗೆದು ಅಲ್ಲಿಂದಲೇ ನರಸಿಂಹಮೂರ್ತಿಗೆ ಹಚ್ಚಿದ. ‘ಮೂರ್ತಿಯವರ, ಗ್ವಾಡಿ ಸರೀತ್ರಿ. ಕಂಟ್ರೋಲರ್ ಅಲ್ಲ ಏನಲ್ಲ, ಗೇರ್‌ಬಾಕ್ಸ. ನಮ್ಮ ತಮ್ಮ ಮೊದಲ ಹೇಳಿದ್ದ. ಎಂಜಿನಿಯರ್ ಅದಾನ್ರಿ ಅಂವಾ, ಸುಮ್ಮನ ಅಲ್ಲ’ ಎಂದ, ತಮ್ಮನಿಗೆ ಕೇಳಲೆಂದೇ ದನಿ ಏರಿಸಿ. ಏಳು ವಾರದ ಹಿಂದೆ ಸುಶಾಂತನಿಗೆ ಬೇಕಾಗಿದ್ದದ್ದು ಇಷ್ಟೇ, ಇದೇ ಮಾತು, ಇದೇ ಮನುಷ್ಯನ ಮುಂದೆ. ಇದು ಬೇಕಾಗಿತ್ತೆಂದೇ ಅವತ್ತು ಬೆರಳು ಎತ್ತಿರಲಿಲ್ಲ. ಬಿಡೋ ಎಂಬ ಕೂಗು ಬಂದಾಗಲೇ ತಿಳಿದಿತ್ತು. ಅದು ಓಡಿಸು ಎನ್ನುವ ದನಿಯಲ್ಲ, ನೋವಿನ ದನಿ, ಯಾವ ದಡ್ಡನಿಗೂ ತಿಳಿಯುವಂಥದು. ಅದೇ ಹೊತ್ತಿಗೆ ಅಡಿಯಿಂದ ಗರಗರ ಸದ್ದೂ ಬಂದಿತ್ತು, ಸವೆದ ಹಲ್ಲಿನ ಸದ್ದು, ತಾನು ಹೇಳಿದ್ದೇ ನಿಜವೆಂದು ಸಾರುವ ಸದ್ದು. ಕೇಳು, ಕೇಳಿಸಿಕೋ ಎಂದು ಅವನ ಮನಸ್ಸು ಅಂದಿತ್ತು. ಬಿಡು ಅಂದರೆ ಓಡಿಸು ಅಂತ ನೀನೇ ಹೇಳಿದ್ದೀಯಲ್ಲ ಎಂದೂ ಅಂದಿತ್ತು, ಆಗಲೇ, ಆ ಕ್ಷಣದಲ್ಲೇ. ನೆಪ ಆಮೇಲೆ ಹುಟ್ಟಿದ್ದಲ್ಲ, ಬೆರಳಿನ ಜೊತೆಗೇ ಸ್ವಿಚ್ಚಿನ ಮೇಲೆ ಕೂತಿತ್ತು. ಕೂಗಿನಲ್ಲಿ ಮಾತು ಉಳಿಯದೆ ಬರೀ ಚೀರಾಟವಾದಾಗ ಬೆರಳು ಎತ್ತಿದ.

‘ಅಣ್ಣಾ’ ಅಂದ. ‘ನನಗ ತಿಳದಿತ್ತು.’

ಕಲ್ಲಯ್ಯ ಫೋನನ್ನು ಜೇಬಿಗಿಡುತ್ತಿದ್ದ. ಗೇರ್‌ಬಾಕ್ಸಿನ ಮಾತೆಂದುಕೊಂಡು ‘ಹೂಂ, ಅದನ್ನ ಹೇಳಿದ್ನಲ್ಲೋ ಅವರಿಗೆ’ ಅಂದ.

‘ಅದಲ್ಲ. ನೀ ಬಿಡೋ ಅಂದಾಗ, ಕೈ ಸಿಕ್ಕೈತಿ ಅಂತ ನನಗ ತಿಳದಿತ್ತು. ತಿಳದೂ ಒತ್ತಿದೆ.’

ಹೇಳಿದ ಮೇಲೆ ಹಗುರಾಗುತ್ತದೆಂದು ಅವನು ನಂಬಿದ್ದ. ಬಸ್ಸಿನಲ್ಲಿ, ಕೆಲಸದ ನಡುವೆ, ಎಷ್ಟೋ ಸಲ ಈ ಘಳಿಗೆಯನ್ನು ಆಡಿ ನೋಡಿದ್ದ. ಅಣ್ಣ ಹೊಡೆಯುತ್ತಿದ್ದ, ಇಲ್ಲವೇ ಅಳುತ್ತಿದ್ದ, ಇಲ್ಲವೇ ತಬ್ಬಿಕೊಳ್ಳುತ್ತಿದ್ದ. ಈಗ ಅಣ್ಣ ಅಂಥದ್ದೇನೂ ಮಾಡಲಿಲ್ಲ. ಬಿಚ್ಚಿಟ್ಟ ಹಿತ್ತಾಳೆ ಚಕ್ರದ ಕಡೆ ನೋಡುತ್ತ ನಿಂತ. ಮುಖದಲ್ಲಿ ಸಿಟ್ಟು ಬರಲಿ ಎಂದು ಸುಶಾಂತ ಕಾದ. ಬಂದದ್ದು ದಣಿವು, ಇಷ್ಟು ದಿನ ಹೇಗೋ ಹೊಂದಿಸಿಟ್ಟ ಸಾಮಾನನ್ನೆಲ್ಲ ಮತ್ತೆ ಹೊರಗೆ ಎಳೆಯಬೇಕಾಗಿ ಬಂದವನ ದಣಿವು. ತಾನು ಹೇಳಿದ್ದು ಅಣ್ಣನಿಗಾಗಿ ಅಲ್ಲ, ತನಗಾಗಿ ಎಂಬುದು ಆ ಮುಖ ನೋಡಿದ ಮೇಲೆ ಸುಶಾಂತನಿಗೆ ಅರ್ಥವಾಯಿತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

‘ನಂದ ತಪ್ಪು ಅಂದ್ಕೊಂಡಿದ್ದೆ’ ಅಂದ ಕಲ್ಲಯ್ಯ ನಿಧಾನವಾಗಿ. ‘ನಂದ ಅಂದ್ಕೊಂಡ್ರ ನಿದ್ದಿ ಬರ್ತಿತ್ತೋ. ಈಗ ನಾ ಏನ ಅಂದ್ಕೊಳ್ಲಿ?’

ಸುಶಾಂತ ಸ್ಪ್ಯಾನರನ್ನು ಒರೆಸಿ ರಟ್ಟಿನ ಮೇಲಿಟ್ಟ.

‘ನಾ ಕೂಗಿದಾಗ ಒಂದ ಬೆರಳು ಸಿಕ್ಕಿತ್ತು. ಒಂದ. ಎಷ್ಟೊತ್ತು ಒತ್ತಿದಿ, ತಿಳದ ಮ್ಯಾಲೆ?’

‘ಗೊತ್ತಿಲ್ಲಣ್ಣಾ.’

‘ಗೊತ್ತೈತಿ. ಒಳಗ ಹೋಗು. ಒತ್ತಿ ತೋರ್ಸು.’

ಬೇಡ ಎಂದ ಸುಶಾಂತ. ಕಲ್ಲಯ್ಯ ಆಗಲೇ ಒಂದು ಹಾಲಿನ ಕ್ರೇಟು ಎಳೆದುಕೊಂಡು ಹಲ್ಲಿನ ಪಟ್ಟಿಯ ಎದುರು ಕುಳಿತಿದ್ದ. ಎರಡೂ ಕೈ ಮೊಳಕಾಲ ಮೇಲೆ ಇಟ್ಟುಕೊಂಡು, ದೂರದಿಂದಲೇ. ಮನೆಯಿಂದ ಹೊರಟ ಮೇಲೆ ಎಡಗೈಯನ್ನು ಮೊದಲ ಸಲ ಜೇಬಿನಿಂದ ಹೊರಗೆ ತೆಗೆದಿದ್ದ. ಸುಶಾಂತ ಮೆಟ್ಟಿಲು ಹತ್ತಿ ಒಳಗೆ ಹೋದ. ಗೋಡೆ ಹೊರಗಿದ್ದುದರಿಂದ ಒಳಗೆ ವಿಶಾಲವಾಗಿತ್ತು, ಸೋಫಾದ ಮೇಲೆ ಶಿವಕ್ಕ ಹೊದಿಸಿದ ಬೆಡ್‌ಶೀಟು, ಕಿಟಕಿಗೆ ಹೂವಿನ ಪರದೆ. ಸ್ವಿಚ್ಚು ಬಾಗಿಲ ಪಕ್ಕದಲ್ಲಿ, ಎದೆಯೆತ್ತರದಲ್ಲಿ. ಇಲ್ಲಿಂದ ಅಣ್ಣ ಕಾಣುತ್ತಿರಲಿಲ್ಲ, ಅವತ್ತೂ ಕಂಡಿರಲಿಲ್ಲ. ಹೊರಗಿನಿಂದ ‘ಹೂಂ’ ಎಂಬ ದನಿಯಷ್ಟೇ ಬಂತು. ಒತ್ತಿದ. ಹೊಸ ಗೇರ್‌ಬಾಕ್ಸು ಮೆಲ್ಲಗೆ ಗುಂಯ್ ಎಂದಿತು, ಕಾಲಡಿಯ ನೆಲ ಸಣ್ಣಗೆ ನಡುಗಿತು, ಸೋಫಾ ಅವನ ಕಡೆಗೆ ಸರಿಯತೊಡಗಿತು. ಎಷ್ಟು ಹೊತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಎಣಿಸಿ ನೋಡಿದ್ದ, ಆರರವರೆಗೆ. ಎರಡು ಎಣಿಸುವಷ್ಟರಲ್ಲಿ ಬೆರಳು ತಾನಾಗಿ ಎದ್ದುಬಿಟ್ಟಿತು.

ಗೋಡೆ ನಿಂತಿತು. ಹೊರಗೆ ಅಣ್ಣ ಕ್ರೇಟಿನಿಂದ ಮುಂದಕ್ಕೆ ಬಾಗಿದ ಸದ್ದು ಕೇಳಿತು, ಎಷ್ಟು ಸರಿದಿದೆ ಎಂದು ನೋಡುತ್ತಿರಬೇಕು. ಒಂದು ವಿಮಾನ ಹೋಯಿತು. ಆಮೇಲೆ ಗೋಡೆಯಾಚೆಯಿಂದ ಮಾತು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ.

‘ಇಷ್ಟರಾಗ ಮೂರು ಬೆರಳು ಹೋಗೂದಿಲ್ಲ ಸುಶಾಂತಾ. ಇನ್ನೊಮ್ಮೆ ಒತ್ತು.’